ಪೆಟ್ಟಿಗೆಗೂ ಒಂದು ಹಿತ್ತಿಲ ಬಾಗಿಲು

ಬಳ್ಳಾರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಾವೇ ಹೇಳಿಕೊಂಡು ನಗುತ್ತೇವೆ. ಈ ಸಲದ ಕಡುಬೇಸಿಗೆಯಲ್ಲಿ ಮಾತ್ರ ನಗು ಬರಲಿಲ್ಲ. ಮದುವೆ ವಿಡಿಯೊ ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು ನಾನು. ಸರಿಯಾಗಿ ಅಕ್ಷತೆ ಬೀಳುವ ಹೊತ್ತಿಗೆ ರೆಂಡರ್ ನಿಂತು ಪರದೆ ಕಪ್ಪಾಗುತ್ತಿತ್ತು. ಎರಡು ಮದುವೆ ಹೀಗೆ ಅರ್ಧಕ್ಕೆ ನಿಂತ ಮೇಲೆ ಕಂಪ್ಯೂಟರಿನ ಪ್ರೊಸೆಸರಿನ ಬಿಸಿ ನೋಡಿದೆ: 97 ಡಿಗ್ರಿ. ಇನ್ನು ಮೂರು ಡಿಗ್ರಿ ಏರಿದ್ದರೆ ಅದರ ಮೇಲೇ ಅನ್ನಕ್ಕೆ ಎಸರಿಡಬಹುದಿತ್ತು.

ತಪ್ಪು ನನ್ನದೇ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಗಾಜಿನ ಬಾಗಿಲಿನ ಕ್ಯಾಬಿನೆಟ್ಟು, 240 ಮಿ.ಮೀ. ರೇಡಿಯೇಟರಿನ ಲಿಕ್ವಿಡ್ ಕೂಲರು, ಅದರ ಜೊತೆಗಿನ ಎರಡಲ್ಲದೆ ಇನ್ನೂ ಮೂರು ಫ್ಯಾನು ಕೊಂಡುತಂದು ನಾನೇ ಜೋಡಿಸಿದ್ದೆ. ತಂಪಿಗೆ ಗಾಳಿ ಬೇಕು. ಅಂದಮೇಲೆ ಎಲ್ಲ ಫ್ಯಾನೂ ಒಳಕ್ಕೇ ಊದಲಿ! ಮುಂದೆರಡು, ಮೇಲೆರಡು, ಹಿಂದೊಂದು, ಐದೂ ಒಳಮುಖ. ಬಂದ ಗಾಳಿ ಯಾವ ದಾರಿಯಲ್ಲಿ ಹೋಗಬೇಕು ಎಂಬ ಯೋಚನೆಯೇ ಬರಲಿಲ್ಲ. ಉಂಡವರು ಏಳುವ ಮೊದಲೇ ಎರಡನೇ ಪಂಕ್ತಿಯವರು ಬೆನ್ನ ಹಿಂದೆ ಬಂದು ನಿಂತ ಛತ್ರದಂತೆ ಆಗಿತ್ತು ಪೆಟ್ಟಿಗೆಯ ಸ್ಥಿತಿ.

ನಮ್ಮಜ್ಜಿಗೆ ಇದನ್ನು ಹೇಳಿಕೊಡಬೇಕಿರಲಿಲ್ಲ. ಅವರ ಮಾಳಿಗೆ ಮನೆಯಲ್ಲಿ ತಲೆಬಾಗಿಲು, ನಡುಮನೆ, ಹಿತ್ತಿಲ ಬಾಗಿಲು ಒಂದೇ ಗೆರೆಯಲ್ಲಿದ್ದವು. ಅಡುಗೆಮನೆಯ ನೆತ್ತಿಗೆ ಗವಾಕ್ಷಿ. ಸಂಜೆಯಾದರೆ ಎರಡೂ ಬಾಗಿಲು ತೆರೆದು, ನಡುವೆ ಯಾರಾದರೂ ಕೂತರೆ "ಗಾಳಿಗೆ ಅಡ್ಡ ಕೂಡಬ್ಯಾಡ" ಎಂದು ಎಬ್ಬಿಸುತ್ತಿದ್ದರು. ಮುಂದಿನಿಂದ ಬಂದು ಹಿಂದಿನಿಂದ, ಮೇಲಿನಿಂದ ಹೋಗುವುದು. ಇವತ್ತಿನ ಕ್ಯಾಬಿನೆಟ್ಟಿನ ನಕ್ಷೆಯೂ ಅಷ್ಟೆ.

ಫ್ಯಾನಿನ ಮುಖ ಯಾವುದು, ಬೆನ್ನು ಯಾವುದು ಎಂಬುದೇ ಮೊದಲ ಗೊಂದಲ. ಅಂದವಾಗಿ ಕಾಣುವ ಬದಿಯಿಂದ ಗಾಳಿ ಒಳಗೆ ಹೋಗುತ್ತದೆ. ಮೋಟರನ್ನು ಹಿಡಿದ ಕಡ್ಡಿಗಳಿರುವ ಬದಿಯಿಂದ ಹೊರಬರುತ್ತದೆ. ಐದರ ಅಂದದ ಮುಖವನ್ನೂ ಹೊರಗಿಟ್ಟು ನಾನು ಕೆಟ್ಟೆ. ಒಂದು ಸಮಾಧಾನವಿದೆ: 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ-ಕಟ್ಟಳೆ ತಂದಾಗ, ಪವರ್ ಸಪ್ಲೈನ ಫ್ಯಾನು ಹೊರಗಿನ ಗಾಳಿಯನ್ನು ಒಳಗೆಳೆದು ಪ್ರೊಸೆಸರಿನ ಕಡೆ ಊದಬೇಕೆಂದಿತ್ತು. ಆಮೇಲೆ ಅದೂ ತಿರುಗಿ ಹೊರಮುಖವಾಯಿತು. ಅಂಥವರೇ ತಿರುಗಿಸಿಕೊಂಡರು, ನನ್ನದೇನು?

ಪ್ರೊಸೆಸರಿನ ಬಿಸಿ ಕಳೆಯುವ ರೇಡಿಯೇಟರ್ ಎಲ್ಲಿರಬೇಕು ಎಂಬುದು ಹೆಣ್ಣು-ಗಂಡಿನ ಕಡೆಯವರ ಮಾತುಕತೆಯಷ್ಟೇ ಸೂಕ್ಷ್ಮ. ಮುಂದೆ ಇಟ್ಟರೆ ಪ್ರೊಸೆಸರಿಗೆ ತಾಜಾ ಗಾಳಿ, ಆದರೆ ಅದರ ಝಳವೆಲ್ಲ ಗ್ರಾಫಿಕ್ಸ್ ಕಾರ್ಡಿನ ಮುಖಕ್ಕೆ. ಮೇಲೆ ಇಟ್ಟು ಹೊರಕ್ಕೆ ಊದಿಸಿದರೆ ಕಾರ್ಡು ಸುಖಿ, ಪ್ರೊಸೆಸರಿಗೆ ಒಳಗೇ ಕಾದ ಗಾಳಿ. ನಾನು ಮೇಲಕ್ಕೇ ಒಪ್ಪಿದೆ. ಇನ್ನೊಂದು ಲಾಭವೂ ಉಂಟು. ಕೊಳವೆಯೊಳಗಿನ ಗಾಳಿಗುಳ್ಳೆ ಯಾವಾಗಲೂ ಎತ್ತರದ ಜಾಗಕ್ಕೆ ಏರುತ್ತದೆ; ರೇಡಿಯೇಟರ್ ಮೇಲಿದ್ದರೆ ಅದರಲ್ಲೇ ಉಳಿಯುತ್ತದೆ. ದ್ರವವನ್ನು ತಳ್ಳುವ ಪಂಪೇ ಎಲ್ಲಕ್ಕಿಂತ ಮೇಲಿದ್ದರೆ ಗುಳ್ಳೆ ಅಲ್ಲಿ ಸೇರಿ ಹುಕ್ಕಾದಂತೆ ಗುಳುಗುಳು ಎನ್ನುತ್ತದೆ, ಪಂಪಿನ ಆಯಸ್ಸೂ ಕಡಿಮೆಯಾಗುತ್ತದೆ.

ಇನ್ನು ಧೂಳು. ಹೊರಗೆಳೆಯುವ ಗಾಳಿ ಹೆಚ್ಚಾದರೆ, ಕೊರತೆ ತುಂಬಲು ಪೆಟ್ಟಿಗೆ ಸಂದುಗೊಂದುಗಳಿಂದ ಉಸಿರೆಳೆಯುತ್ತದೆ. ಅಲ್ಲೆಲ್ಲ ಜಾಳಿಗೆ ಎಲ್ಲಿದೆ? ಅದಿರಿನ ಕೆಂಧೂಳು ಒಣಹಾಕಿದ ಪಂಚೆಯನ್ನೂ ಬಿಡದ ಊರಿದು. ಹಾಗಾಗಿ ಮುಂದಿನೆರಡನ್ನು, ಫಿಲ್ಟರಿನ ಹಿಂದಿರುವುದರಿಂದ, ಜೋರಾಗಿಯೂ, ಹೊರಮುಖ ಮಾಡಿದ ಮೇಲಿನ-ಹಿಂದಿನ ಮೂರನ್ನು ಸಾವಕಾಶವಾಗಿಯೂ ಓಡಿಸಿದೆ.

ಎಲ್ಲ ಕೂರಿಸಿದ ಮೇಲೆ ಊದಿನಕಡ್ಡಿ ಹಚ್ಚಿ ಮುಂದಿನ ಜಾಳಿಗೆಗೆ ಹಿಡಿದೆ. ಹೊಗೆ ಎಳೆಯಾಗಿ ಒಳಹೋಯಿತು, ಗಾಜಿನ ಹಿಂದೆ ಕಾರ್ಡಿನ ಮೇಲೆ ಒಂದು ಸುತ್ತು ಹಾಕಿತು, ಹಿಂದಿನಿಂದಲೂ ಮೇಲಿನಿಂದಲೂ ಹೊರಬಂತು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಆಯುಧಪೂಜಿ ಇನ್ನೂ ದೂರ ಐತಲ್ಲೋ?"

"ಪೂಜಿ ಅಲ್ಲಬೇ, ಗಾಳಿ ನೋಡಾಕತ್ತೀನಿ."

"ಗಾಳಿ ಹಿಡದದ್ದು ಅದಕ್ಕೋ ನಿನಗೋ?"

ಬಿಸಿ 97ರಿಂದ 81ಕ್ಕೆ ಇಳಿಯಿತು. ಇನ್ನೂ ಇಳಿಯಲಿ ಎಂದರೆ, ಕೋಣೆಯೇ 41 ಡಿಗ್ರಿ ಇರುವಾಗ ಎಷ್ಟು ಫ್ಯಾನು ಹಾಕಿದರೂ ಅದಕ್ಕಿಂತ ಕೆಳಗಿಳಿಸಲಾಗದು. ಪೆಟ್ಟಿಗೆಯಿಂದ ಹೊರಟ ಝಳ ಎಲ್ಲಿಗೂ ಹೋಗದೆ ನನ್ನ ಮೊಣಕಾಲ ಸುತ್ತಲೇ ಸುಳಿದಾಡುತ್ತಿತ್ತು. ಟೇಬಲ್ಲನ್ನು ಎಳೆದು, ಕ್ಯಾಬಿನೆಟ್ಟಿನ ಬೆನ್ನನ್ನು ಹಿತ್ತಿಲ ಬಾಗಿಲಿನ ಕಡೆಗೆ ಮಾಡಿದೆ. ಅಲ್ಲಿ ಹೊಸಿಲ ಬಳಿ ಮಣೆ ಹಾಕಿಕೊಂಡು ಪುಂಡಿಪಲ್ಲೆ ಸೋಸುತ್ತಿದ್ದ ಅವ್ವ ನನ್ನನ್ನೂ ಪೆಟ್ಟಿಗೆಯನ್ನೂ ಒಮ್ಮೆ ನೋಡಿ, ಏನೂ ಹೇಳದೆ ಮಣೆಯನ್ನು ಎರಡು ಗೇಣು ಪಕ್ಕಕ್ಕೆ ಸರಿಸಿಕೊಂಡಳು.