ಶೆಟ್ರ ಹೆರಾಲ್ಡು, ಸಾವಿರದ ನೂರು ಕೋಟಿಯ ಬೆಂಝು

ಕಾರಿನ ಬೆಲೆ ಕೇಳಿ ಹೊಟ್ಟೆ ಉರಿಸಿಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕು. ಎದುರಿನ ಬಿಲ್ಡಿಂಗಿನವನು ಕ್ರೆಟಾ ತಂದರೆ ಉರಿಯುತ್ತದೆ, ಯಾಕೆಂದರೆ ಆ ಲೆಕ್ಕ ನಮಗೂ ತಿಳಿಯುತ್ತದೆ. ಹಳೆಯ ಬೆಂಝ್ ಒಂದು ಸಾವಿರದ ನೂರು ಕೋಟಿ ರೂಪಾಯಿಗೆ ಹೋಯಿತು ಎಂದರೆ ಉರಿಯುವುದೇ ಇಲ್ಲ, ನಗು ಬರುತ್ತದೆ. ನವಿ ಮುಂಬೈಯ ಖಾರಘರದ ನಮ್ಮ ರೋ ಹೌಸಿನ ದಾಸವಾಳದ ಬೇಲಿಯಾಚೆ ನಿಂತು ಪಕ್ಕದ ಮನೆಯ ಶೆಟ್ರು ನಕ್ಕದ್ದೂ ಹಾಗೆಯೇ.

"ಸಾವಿರದ ನೂರು ಕೋಟಿಯಾ? ಎಂತ ರಾಯರೇ, ಅದರಲ್ಲಿ ನಮ್ಮ ಅರ್ಧ ಸೆಕ್ಟರ್ ಬರ್ತದಲ್ಲ!"

"ಬರ್ತದೆ ಶೆಟ್ರೇ. ಆದರೆ ಅಂಥ ಕಾರು ಲೋಕದಲ್ಲಿ ಎರಡೇ ಇರುವುದು."

"ನಮ್ಮ ಸೆಕ್ಟರ್ ಕೂಡ ಲೋಕದಲ್ಲಿ ಒಂದೇ ಮಾರಾಯ್ರೇ."

ಶೆಟ್ರು ಮುಂಬೈಯ ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ತಮ್ಮದೇ ಹೋಟೆಲು ಮಾಡಿ ಅದನ್ನು ಮಗನಿಗೆ ಒಪ್ಪಿಸಿ ಇಲ್ಲಿ ಬಂದು ಕೂತವರು. ನಾನು ವಿಮಾ ಕಚೇರಿಯಲ್ಲಿ ಬೇರೆಯವರ ಕಾರಿನ ಬೆಲೆ ಇಳಿಸುವುದರಲ್ಲೇ ನೌಕರಿ ಮುಗಿಸಿದವನು. ನಮ್ಮ ಕೋಷ್ಟಕ ಸರಳ. ಶೋರೂಮಿನಿಂದ ಹೊರಬಿದ್ದ ಕೂಡಲೇ 5 ಪರ್ಸೆಂಟ್ ಹೋಯಿತು, ಎರಡನೇ ವರ್ಷಕ್ಕೆ 20, ಐದನೇ ವರ್ಷಕ್ಕೆ ಬರುವಾಗ ಅರ್ಧಕ್ಕರ್ಧ. ಅದರ ಮೇಲೆ ನೀವೂ ಕಂಪನಿಯೂ ಕೂತು ಒಪ್ಪಿಕೊಂಡದ್ದೇ ಬೆಲೆ. ಹೀಗೆ ಸವಕಳಿ ಕಳೆದೂ ಕಳೆದೂ, ಕಾರಿನ ಬೆಲೆ ಏರುವುದೂ ಉಂಟು ಎಂಬ ಮಾತು ನನ್ನ ತಲೆಗೆ ಹತ್ತುವುದು ಸ್ವಲ್ಪ ತಡವೇ.

ಆ ಬೆಂಝಿನ ಕಥೆ ಹೇಳಿದೆ. 1955ರಲ್ಲಿ ಮರ್ಸಿಡಿಸ್‌ನ ಇಂಜಿನಿಯರ್ ರುಡಾಲ್ಫ್ ಉಲೆನ್‌ಹೌಟ್ 300 ಎಸ್‌ಎಲ್‌ಆರ್ ಎಂಬ ರೇಸ್ ಕಾರಿಗೆ ಮಾಡು ಹೊದಿಸಿ ಎರಡು ಕೂಪೆ ಮಾಡಿಸಿದ. ಅದೇ ವರ್ಷ ಫ್ರಾನ್ಸಿನ ಲೆ ಮಾನ್ಸ್ ರೇಸಿನಲ್ಲಿ ಮರ್ಸಿಡಿಸ್ ಕಾರೊಂದು ನೋಡಲು ಬಂದ ಜನರ ಮೇಲೆ ಸಿಡಿದು ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ವರ್ಷ ಮುಗಿಯುವುದರೊಳಗೆ ಕಂಪನಿ ರೇಸಿನ ಸಹವಾಸವನ್ನೇ ಬಿಟ್ಟಿತು. ಕೂಪೆಗಳು ರೇಸಿಗೆ ಇಳಿಯಲೇ ಇಲ್ಲ. ಒಂದನ್ನು ಉಲೆನ್‌ಹೌಟ್ ಆಫೀಸಿಗೆ ಹೋಗಿಬರಲು ಇಟ್ಟುಕೊಂಡ. 2022ರ ಮೇ 5ರಂದು ಸ್ಟುಟ್‌ಗಾರ್ಟಿನ ಕಂಪನಿ ಮ್ಯೂಸಿಯಮ್ಮಿನಲ್ಲೇ ಆರ್‌ಎಂ ಸಾದಬೀಸ್‌ನವರು ಆಯ್ದ ಕೆಲವರನ್ನು ಕರೆದು ಏಲಂ ಹಾಕಿದಾಗ ಎರಡರಲ್ಲಿ ಒಂದು 13.5 ಕೋಟಿ ಯೂರೋಗೆ ಹೋಯಿತು. ಏಲಂನಲ್ಲಿ ಯಾವ ಕಾರಿಗೂ ಅದುವರೆಗೆ ಅಷ್ಟು ಬಂದಿರಲಿಲ್ಲ. ದುಡ್ಡು ವಿದ್ಯಾರ್ಥಿವೇತನದ ನಿಧಿಗೆ ಎಂದು ಕಂಪನಿ ಹೇಳಿತು.

"ಆಫೀಸಿಗಾ? ಪಾರ್ಕಿಂಗ್ ಎಲ್ಲಿ ಮಾಡ್ತಿದ್ದನಂತೆ?" ಎಂದರು ಶೆಟ್ರು. ಖಾರಘರದಲ್ಲಿ ಮನೆ ಮಾಡಿದವರಿಗೆ ಮೊದಲು ಏಳುವ ಪ್ರಶ್ನೆ ಅದು.

ಆಮೇಲೆ, ಬೆಲೆ ಯಾಕೆ ಏರುತ್ತದೆ ಎಂದು ನನಗೇ ಪಾಠ ಹೇಳಿದರು. "ನಮ್ಮೂರ ಗಣೇಶೋತ್ಸವದಲ್ಲಿ ಕಡೆಯ ದಿನ ತೆಂಗಿನಕಾಯಿ ಏಲಂ ಹಾಕ್ತಾರಲ್ಲ? ಅಂಗಡಿಯಲ್ಲಿ ಮೂವತ್ತು ನಲವತ್ತು ರೂಪಾಯಿದು, ದೇವರ ಎದುರು ಕೂತು ಬಂದ ಮೇಲೆ ಮೂರು ಸಾವಿರಕ್ಕೆ ಹೋಗ್ತದೆ. ಕಾಯಿ ಅದೇ. ಎಲ್ಲಿ ಕೂತಿತ್ತು ಅಂತ ಊರವರೆಲ್ಲ ನೋಡಿದ್ದಾರೆ, ಅಷ್ಟೇ." ಕಾರಿನ ವಿಷಯವೂ ಇಷ್ಟೇ. ಯಾರು ಓಡಿಸಿದರು, ಯಾವ ರೇಸಿನಲ್ಲಿ ಎಷ್ಟನೆಯದಾಗಿ ಬಂತು, ಚಾಸಿ ನಂಬರ್ ಅದೇ ಹೌದೇ, ನಡುವೆ ಕೈ ಬದಲಾದಾಗಿನ ಬಿಲ್ಲುಗಳಿವೆಯೇ ಎಂಬ ಕಾಗದಪತ್ರಕ್ಕೇ ಏಲಂನವರು ಕೋಟಿ ಎಣಿಸುವುದು. ದೊಡ್ಡ ಏಲಂಗಳಲ್ಲಿ ಹಳೆಯ ರಸೀದಿಗಳದೇ ಫೈಲು ಕಾರಿನ ಜೊತೆ ಕೈಬದಲಾಗುತ್ತದೆ. ಆ ಫೈಲಿನ ದಪ್ಪ ನೋಡಿದ್ದರೆ ನಮ್ಮ ಕ್ಲೇಮ್ ವಿಭಾಗದವರೂ ಕೈಮುಗಿಯುತ್ತಿದ್ದರು.

ಫೆರಾರಿ 250 ಜಿಟಿಓ ಎಂಬ ಇನ್ನೊಂದಿದೆ. 1962ರಿಂದ 1964ರೊಳಗೆ ಮಾಡಿದ್ದು ಬರೀ 36. ಹೊಸದಾಗಿದ್ದಾಗ ಅಮೆರಿಕದಲ್ಲಿ ಅದಕ್ಕೆ ಸುಮಾರು 18,000 ಡಾಲರ್. 2018ರಲ್ಲಿ ಮಾಂಟೆರೆಯ ಏಲಂನಲ್ಲಿ ಒಂದು 4.84 ಕೋಟಿ ಡಾಲರಿಗೆ ಹೋಯಿತು. 2023ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮತ್ತೊಂದು 5 ಕೋಟಿ ದಾಟಿತು. ನನಗೆ ಈ ಅಂಕಿಗಳಿಗಿಂತ ರುಚಿಸುವುದು ಆ 36ರಲ್ಲೇ ಒಂದರ ಅಲೆದಾಟ. ರೇಸೆಲ್ಲ ಮುಗಿದ ಮೇಲೆ ಮಾಲೀಕರು ಅದನ್ನು ಟೆಕ್ಸಾಸಿನ ವಿಕ್ಟೋರಿಯಾ ಎಂಬ ಊರಿನ ಹೈಸ್ಕೂಲಿಗೆ ದಾನ ಕೊಟ್ಟುಬಿಟ್ಟರು, ಮಕ್ಕಳು ರಿಪೇರಿ ಕಲಿಯಲಿ ಎಂದು! 1972ರಲ್ಲಿ ಶಾಲೆ ಅದನ್ನು 6,500 ಡಾಲರಿಗೆ ಮಾರಿತು. ಕೊಂಡವನು ಓಹಾಯೋದಲ್ಲಿ ಬಯಲಿನ ಹುಲ್ಲಿನ ನಡುವೆ ಟ್ರೇಲರ್ ಮೇಲೆಯೇ ವರ್ಷಗಟ್ಟಲೆ ಬಿಟ್ಟ. ಮಳೆ, ಹಿಮ, ಬಿಸಿಲು ಎಲ್ಲ ಅದರ ಮೇಲೆಯೇ. ಎಂಬತ್ತರ ದಶಕದಲ್ಲಿ ಅದು ಮತ್ತೆ ತಿಳಿದವರ ಕೈಗೆ ಬಂತು.

"ನಮ್ಮೂರಲ್ಲಾದರೆ ಅಷ್ಟೊತ್ತಿಗೆ ಅದರೊಳಗೆ ಕೋಳಿ ಕಾವು ಕೂರ್ತಿತ್ತು" ಎಂದರು ಶೆಟ್ರು.

ಅವರ ಕಾರು ಬೇರೆ. ಅವರು ಯಾವತ್ತೂ ಕೊಳ್ಳದ, ಆದರೆ ಮುಂಬೈಯಲ್ಲಿ ಮೊದಲು ಕೈಯಿಟ್ಟ ಕಾರು: ಸ್ಟ್ಯಾಂಡರ್ಡ್ ಹೆರಾಲ್ಡ್. 1961ರಿಂದ ಮದರಾಸಿನಲ್ಲಿ ತಯಾರಾಗುತ್ತಿದ್ದ, ಎರಡು ಬಾಗಿಲಿನ, 948 ಸಿಸಿಯ ಪುಟ್ಟ ಗಾಡಿ. ಫೋರ್ಟಿನ ಆ ಹೋಟೆಲಿಗೆ ದಿನಾ ಬೆಳಿಗ್ಗೆ ಕಾಪಿಗೆ ಬರುತ್ತಿದ್ದ ಪಾರ್ಸಿ ಡಾಕ್ಟರರೊಬ್ಬರದು ಅದು, ಕೆಂಪು ಬಣ್ಣದ್ದು. ಡಾಕ್ಟರು ಇಡ್ಲಿ ಮುಗಿಸುವುದರೊಳಗೆ ಹೋಟೆಲಿನ ಹುಡುಗ ಅದನ್ನು ಒರೆಸಿಡಬೇಕು. ಆ ಹುಡುಗ ನಮ್ಮ ಶೆಟ್ರು. ಸಿಗುತ್ತಿದ್ದದ್ದು ಒಂದು ಪಾವಲಿ.

ಹೆರಾಲ್ಡಿನ ಬಾನೆಟ್ ಉಳಿದ ಕಾರಿನಂತೆ ಅಲ್ಲ. ಮಡ್‌ಗಾರ್ಡು, ದೀಪ ಎಲ್ಲ ಸೇರಿ ಇಡೀ ಮೂತಿಯೇ ಮುಂದಕ್ಕೆ ಮಗುಚುತ್ತದೆ. ಆಗ ಮುಂದಿನ ಟೈರು, ಎಂಜಿನ್, ಸ್ಟೇರಿಂಗಿನ ಸರಳು ಎಲ್ಲ ಬಯಲಿಗೆ. ಮೆಕ್ಯಾನಿಕ್ ಬಗ್ಗಿ ಬೆನ್ನು ನೋಯಿಸಿಕೊಳ್ಳುವುದೇ ಬೇಡ, ಟೈರಿನ ಮೇಲೆ ಕುಂಡೆಯೂರಿ ಕೂತು ಪ್ಲಗ್ ಬಿಚ್ಚಬಹುದು. ಶೆಟ್ರು ಹಾಗೆ ಕೂತು ಕಾರ್ಬ್ಯುರೇಟರ್ ಒರೆಸಿದ್ದನ್ನು ಹೇಳುವಾಗ ಈಗಲೂ ಬಲಗೈ ಹೆಬ್ಬೆರಳು ಬಟ್ಟೆಯ ತುದಿಯನ್ನು ಮಡಚಿ ಸಂದಿಗೆ ತೂರಿಸುವಂತೆ ಆಡುತ್ತದೆ. ತಿರುಗುವುದಕ್ಕೆ ಅದಕ್ಕೆ 25 ಅಡಿ ಜಾಗ ಸಾಕು. ಟ್ಯಾಕ್ಸಿಯವರು ಮೂರು ಸಲ ಹಿಂದೆ ಮುಂದೆ ಮಾಡುವ ಗಲ್ಲಿಯಲ್ಲಿ ಡಾಕ್ಟರು ಒಂದೇ ಏಟಿಗೆ ತಿರುಗಿಸಿಕೊಂಡು ಹೋಗುತ್ತಿದ್ದರಂತೆ.

ಅದರ ಮಾಡೂ ಬೋಲ್ಟಿನಲ್ಲಿ ಕೂತದ್ದು. ಬಾಡಿಯನ್ನು ಒಂದೇ ತುಂಡಾಗಿ ಒತ್ತಿಕೊಡುವ ಕಾರ್ಖಾನೆ ಬ್ರಿಟನ್ನಿನಲ್ಲಿ ಟ್ರಯಂಫ್ ಕಂಪನಿಯ ಕೈತಪ್ಪಿದಾಗ, ಅವರು ಪ್ರತ್ಯೇಕ ಚಾಸಿಯ ಮೇಲೆ ತುಂಡು ತುಂಡಾಗಿ ಬಾಡಿ ಜೋಡಿಸುವ ಉಪಾಯ ಹುಡುಕಿದ್ದರು. ಇಟಲಿಯ ಜಿಯೊವಾನಿ ಮಿಕೆಲೊಟ್ಟಿ ಅದಕ್ಕೆ ರೂಪ ಕೊಟ್ಟವನು. ಬೋಲ್ಟು ಬಿಚ್ಚಿದರೆ ಮಾಡು ಎತ್ತಿಡಬಹುದು. ಡಾಕ್ಟರು ಒಂದು ಚಳಿಗಾಲದಲ್ಲಿ ಮಾಡು ಎತ್ತಿಸಿ, ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮರೀನ್ ಡ್ರೈವಿನ ಉದ್ದಕ್ಕೂ ಹೋಗಿ ಬಂದರಂತೆ. "ಮಾಲಬಾರ್ ಹಿಲ್ ಕಡೆಯಿಂದ ಗಾಳಿ ನೋಡಿ, ತಲೆಗೆ ಹಾಕಿದ ಎಣ್ಣೆಯೆಲ್ಲ ಒಣಗಿಹೋಯ್ತು. ಹೋಟೆಲಿಗೆ ಬಂದ ಮೇಲೆ ಧಣಿ ಬೈದರು. ಬೈದದ್ದು ಕೇಳಿಸ್ಲೇ ಇಲ್ಲ."

ನಾನು ಒಂದು ಸೇರಿಸಿದೆ. 1962ರಲ್ಲಿ ಅದೇ ಮಿಕೆಲೊಟ್ಟಿ ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿ ಅದರ ಮೇಲೆ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಅಪ್ಪಟ ಸ್ಪೋರ್ಟ್ಸ್ ಕಾರು ಕೂರಿಸಿದ.

"ಹಾಗಾದರೆ ನಾನು ಒರೆಸಿದ್ದು ಸ್ಪೋರ್ಟ್ಸ್ ಕಾರು!"

"ಅರ್ಧ ಅನ್ನಿ ಶೆಟ್ರೇ."

"ಅರ್ಧವಾದರೂ ಆಯ್ತು ಮಾರಾಯ್ರೇ, ಪಾವಲಿಗೆ ಇನ್ನೆಷ್ಟು ಕೊಡ್ತಾರೆ?"

ಡಾಕ್ಟರು ತೀರಿಕೊಂಡ ಮೇಲೆ ಕಾರು ಗಲ್ಲಿಯಲ್ಲೇ ನಿಂತಿತು. ಸಮುದ್ರದ ಗಾಳಿಗೆ ಬಾಗಿಲ ಕೆಳಗಿನ ತಗಡು ಮೊದಲು ಹೋಗುತ್ತದೆ, ಅದೂ ಹೋಯಿತು. ಮಕ್ಕಳು ವಿದೇಶದಲ್ಲಿ. ಒಂದು ದಿನ ಕುರ್ಲಾದಿಂದ ಭಂಗಾರ್‌ವಾಲಾ ಬಂದು ಎಳೆದುಕೊಂಡು ಹೋದ. ಎಷ್ಟಕ್ಕೆ ಎಂದು ಕೇಳಿದೆ. ಶೆಟ್ರು ಉತ್ತರ ಹೇಳದೆ ದಾಸವಾಳದ ಒಣ ಕಡ್ಡಿ ಮುರಿದರು.

ನನ್ನ ಬಾಳಿನಲ್ಲಿ ಇದ್ದದ್ದು ಡಾಲ್ಫಿನ್. ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 1982ರಲ್ಲಿ ಹೊರತಂದ ಕಾರು. ಅದರ ಮೂಲ ಬ್ರಿಟನ್ನಿನ ರಿಲಯಂಟ್ ಕಿಟನ್. ಮಿಸ್ಟರ್ ಬೀನ್ ಕಂಡಾಗಲೆಲ್ಲ ಮಗುಚಿ ಹಾಕುವ ನೀಲಿ ಮೂರುಚಕ್ರದ ಗಾಡಿಯೂ ಅದೇ ರಿಲಯಂಟಿನದು. ಡಾಲ್ಫಿನ್ನಿಗೆ ಫೈಬರ್ ಬಾಡಿ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಎರಡೇ ಬಾಗಿಲು. ಸಂಸಾರಸ್ಥರು ಮೂಗು ಮುರಿದರು, ರೇಸಿನ ಹುಡುಗರು ಕಣ್ಣು ಹಾಕಿದರು. ಹಗುರ ಗಾಡಿ, ಹಿಂದಿನ ಚಕ್ರಕ್ಕೆ ಶಕ್ತಿ. ಮದರಾಸಿನ ಹತ್ತಿರ ಶೋಳಾವರಂನ ಹಳೆಯ ಯುದ್ಧಕಾಲದ ವಿಮಾನಪಟ್ಟಿಯಲ್ಲಿ ನಡೆಯುತ್ತಿದ್ದ ರೇಸುಗಳಲ್ಲಿ ಡಾಲ್ಫಿನ್ನುಗಳು ಫಿಯೆಟ್ಟುಗಳಿಗೆ ನೀರು ಕುಡಿಸಿದವು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ನಾಲ್ಕು ಬಾಗಿಲು, ಜಪಾನಿನ ಎಂಜಿನ್. ಅಲ್ಲಿಗೆ ಡಾಲ್ಫಿನ್ನಿನ ವ್ಯಾಪಾರ ಸೊರಗಿತು. ನಮ್ಮ ಲೆಕ್ಕದಲ್ಲಿ ಭಾರತಕ್ಕೆ ಒಪ್ಪುವ ಅಗ್ಗದ ಸ್ಪೋರ್ಟ್ಸ್ ಕಾರು ಅದೇ. ಯಾರಾದರೂ ಇಲ್ಲ ಎಂದರೆ ನಾನು ಜಗಳಕ್ಕೆ ಸಿದ್ಧ.

ಇವತ್ತು ಒಂದು ಒಳ್ಳೆಯ ಡಾಲ್ಫಿನ್ ಹುಡುಕಿ ನೋಡಿ. ತಗಡಿನ ಕಾರಿಗೆ ಗುಜರಿಯಲ್ಲಿ ತೂಕದ ಬೆಲೆಯಾದರೂ ಉಂಟು, ಫೈಬರಿಗೆ ಅದೂ ಇಲ್ಲ. ತುಕ್ಕು ಹಿಡಿಯದ ಬಾಡಿ, ಖಾರಘರದ ಮಳೆಗೆ ಹೇಳಿಮಾಡಿಸಿದ್ದು. ಅದನ್ನೇ ಒಡೆದು ಬಿಸಾಡಿದ್ದೇವೆ. ಪಾಂಡವಕಡಾದ ಗುಡ್ಡಕ್ಕೆ ಜುಲೈಯ ಮೋಡ ಕವಿದಾಗ ನಮ್ಮ ಗಲ್ಲಿಯ ಕಾರುಗಳ ಬಾಗಿಲಂಚು ನೋಡುತ್ತೇನೆ, ಬುಡದಿಂದ ಗುಳ್ಳೆ ಏಳುತ್ತಿರುತ್ತದೆ.

ಸಾಕಿಕೊಂಡವರೂ ಇದ್ದಾರೆ ಎನ್ನಿ. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಮ್ಮಿನ ಕಾರುಗಳನ್ನು ಊರಿಗೆ ಹೋದಾಗಲೆಲ್ಲ ನೋಡುವ ಪದ್ಧತಿ ನಮ್ಮದು. ಅದೇ ಸಂಗ್ರಹದ 'ಪಯಣ' ಮ್ಯೂಸಿಯಂ ಈಗ ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿಯ ಬದಿಗೇ ಇದೆ. ಮುಂಬೈಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗೆ ಅಂಥ ಭಾಗ್ಯ ಎಲ್ಲಿ? ಕೊನೆಯದು ತಾರದೇವ್ ಆರ್‌ಟಿಓದಲ್ಲಿ 2003ರ ಅಕ್ಟೋಬರ್ 29ರಂದು ನೋಂದಣಿಯಾಗಿತ್ತು. ಟ್ಯಾಕ್ಸಿಗೆ 20 ವರ್ಷವೇ ಆಯುಸ್ಸು ಎಂಬ ನಿಯಮದ ಪ್ರಕಾರ 2023ರ ಅಕ್ಟೋಬರಿನಲ್ಲಿ ಅದು ರಸ್ತೆಯಿಂದ ಇಳಿಯಿತು. ಸರಕಾರದ ಲೆಕ್ಕದಲ್ಲಿ ಅದು 'ವಿಂಟೇಜ್' ಆಗಬೇಕಾದರೆ 2053 ಬರಬೇಕು.

ಇಲ್ಲಿ ನನ್ನ ಹಳೆಯ ಕಸುಬಿನ ಮಾತು ಬಂತು. ನಮ್ಮ ವಿಮಾ ಸುಂಕದ ಪುಸ್ತಕದಲ್ಲಿ ವಿಂಟೇಜ್ ಎಂದರೆ 1940ರ ಕೊನೆಯೊಳಗೆ ತಯಾರಾದದ್ದು, ಅದಕ್ಕೂ ವಿಂಟೇಜ್ ಕಾರ್ ಕ್ಲಬ್ಬಿನ ಸರ್ಟಿಫಿಕೇಟು ಬೇಕು. ಇದ್ದರೆ ಸ್ವಂತ ಕಾರಿನ ಹಾನಿಯ ಪ್ರೀಮಿಯಂನಲ್ಲಿ ಕಾಲುಭಾಗ ರಿಯಾಯಿತಿ. ಕೇಂದ್ರ ಸರಕಾರ 2021ರ ಜುಲೈಯಲ್ಲಿ ತಂದ ನಿಯಮ ಉದಾರ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ ಬಾಡಿ ಎಂಜಿನ್ ಮೂಲರೂಪದಲ್ಲೇ ಇರುವ ಗಾಡಿಗೆ 'ವಿಎ' ಅಕ್ಷರದ ನಂಬರು ಸಿಗುತ್ತದೆ. ಶುಲ್ಕ 20,000, ಹತ್ತು ವರ್ಷಕ್ಕೆ. ಆಮೇಲೆ ನವೀಕರಣಕ್ಕೆ 5,000. ರ‍್ಯಾಲಿಗೆ, ಪ್ರದರ್ಶನಕ್ಕೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ರಸ್ತೆಗೆ ತರಬಹುದು; ದಿನಾ ಓಡಿಸುವಂತಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ.

"ಮೂಲರೂಪ ಅಂದರೆ, ಮಾಡು ತೆಗೆದ ಹೆರಾಲ್ಡು ನಡೀತದಾ?" ಶೆಟ್ರ ಪ್ರಶ್ನೆ.

"ಕತ್ತರಿಸಿದ್ದರೆ ತಕರಾರು. ಬೋಲ್ಟ್ ಬಿಚ್ಚಿದ್ದಾದರೆ ತಂದು ಕೂರಿಸಿದರಾಯ್ತು."

ಶೆಟ್ರಿಗೆ ಡಾಕ್ಟರೇ ಗೆದ್ದಷ್ಟು ಸಮಾಧಾನ. ಭಾನುವಾರ ಬೆಳಗಾಗುವ ಮುಂಚೆ ಪಾಮ್ ಬೀಚ್ ರಸ್ತೆಯಲ್ಲಿ ಗುಡುಗುವ ಲ್ಯಾಂಬೊರ್ಗಿನಿಗಳ ಬಗ್ಗೆ ಅವರ ಅಭಿಪ್ರಾಯ ಒಳ್ಳೆಯದಿಲ್ಲ. "ಅವಕ್ಕೆ ಬಾನೆಟ್ ತೆಗೆದರೆ ಒಳಗೆ ಎಂಜಿನೇ ಇರುದಿಲ್ಲಂತೆ, ಹಿಂದೆ ಇರ್ತದಂತೆ. ಒರೆಸುವವ ಎಲ್ಲಿ ಕೂರ್ಬೇಕು?"

ಓದುತ್ತಿರುವ ನಿಮ್ಮಲ್ಲಿ ಯಾರ ಊರಮನೆಯ ಹಟ್ಟಿಯಲ್ಲೋ, ಡೊಂಬಿವಲಿಯ ಹಳೆಯ ಬಂಗಲೆಯ ಹಿಂದೆಯೋ ಟಾರ್ಪಾಲಿನ ಕೆಳಗೆ ಹಳೆಯ ಕಾರು ಇದ್ದರೆ, ಭಂಗಾರ್‌ವಾಲಾನನ್ನು ಸ್ವಲ್ಪ ತಡೆಯಿರಿ. ಮೊದಲು ಆರ್‌ಸಿ ಪುಸ್ತಕ ಹುಡುಕಿ. ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ ವಾರಸುದಾರರ ಹೆಸರಿಗೆ ಮಾಡಿಸಿ. ಎಂಜಿನ್ ನಂಬರನ್ನೂ ಚಾಸಿ ನಂಬರನ್ನೂ ಪುಸ್ತಕದೊಂದಿಗೆ ತಾಳೆ ನೋಡಿ. ಹಳೆಯ ಪೆಟ್ರೋಲ್ ಬಿಲ್ಲು, ಮದುವೆಯ ದಿನ ಕಾರಿನ ಪಕ್ಕ ನಿಂತ ಫೋಟೋ, ಯಾವುದನ್ನೂ ಬಿಸಾಡಬೇಡಿ. ಚೆಂದ ಕಾಣಲೆಂದು ಹೊಸ ಪೇಂಟ್ ಹೊಡೆಸಲೇಬೇಡಿ. ಎರಡು ಬಾಗಿಲಿನ ಹೆರಾಲ್ಡಾಗಿದ್ದರೆ ಶೆಟ್ರಿಗೊಂದು ಮಾತು ಹೇಳಿ ಕಳಿಸಿ. ಕೊಳ್ಳುವುದಿಲ್ಲ, ಒರೆಸಿ ಕೊಡುತ್ತಾರೆ.