ಫ್ಲಿಕ್ ದೊಡ್ಡಪ್ಪ

ಕಾಫಿಗೆ ಹೂಮಳೆ ಬಿತ್ತೋ ಇಲ್ಲವೋ ಎಂಬುದು ಬೇಸಿಗೆಯಲ್ಲಿ ಕೊಡಗಿನವರೆಲ್ಲರ ಚಿಂತೆ. ಫ್ಲಿಕ್ ದೊಡ್ಡಪ್ಪನ ಚಿಂತೆ ಬೇರೆ. ತಮ್ಮನ ಮಗನ ಸೊಂಟ ಇನ್ನೂ ಎರಡಿಂಚು ಬಗ್ಗಬೇಕು!

ಇವರು ಊರಿಗೊಬ್ಬರು ಸಿಗುತ್ತಾರೆ. ತಲೆಯ ಮೇಲೆ ಪಟ್ಟಾಳದ ಕಾಲದ ಟೋಪಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಯಾರದೋ ಮಗುವಿನ ಹಾಕಿ ಸ್ಟಿಕ್. ರೆಜಿಮೆಂಟ್ ತಂಡದಲ್ಲಿ ತಾನು ಲೆಫ್ಟ್ ಬ್ಯಾಕ್ ಎಂದು ಇವರು ಹೇಳುತ್ತಾರೆ. ಆಗ ಜೊತೆಗಿದ್ದವರು, ಹಾಫ್ ಟೈಮಿನಲ್ಲಿ ನಿಂಬೆಹಣ್ಣು ಚೆನ್ನಾಗಿ ಹಂಚುತ್ತಿದ್ದರು ಎನ್ನುತ್ತಾರೆ.

1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಒಕ್ಕಗಳನ್ನು ಕಲೆಹಾಕಿ ಕೊಡವ ಹಾಕಿ ನಮ್ಮೆ ಶುರುಮಾಡಿದಾಗ, ದೂರವಾದ ಮನೆತನಗಳು ಒಂದೆಡೆ ಸೇರಲಿ ಎಂಬುದಷ್ಟೇ ಅವರ ಆಸೆ. 2024ರ ಹೊತ್ತಿಗೆ ನಾಪೋಕ್ಲುವಿನಲ್ಲಿ 360 ತಂಡ ಸೇರಿ ಗಿನ್ನೆಸ್ ದಾಖಲೆಯೇ ಆಯಿತು. ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ ಆಡುವ ಹಬ್ಬ ಅದು. ಆದರೆ ಸೋತವರು ಗಂಟು ಕಟ್ಟಬೇಕಲ್ಲ! ಅಲ್ಲಿಂದ ಹುಟ್ಟಿದ್ದು ದೊಡ್ಡಪ್ಪನ ಸಿದ್ಧಾಂತ: "ಹನ್ನೊಂದು ಜನ ಯಾಕೆ? ಡ್ರ್ಯಾಗ್ ಫ್ಲಿಕ್ ಹೊಡೆಯುವವನು ಒಬ್ಬ ಸಾಕು."

ಸಿದ್ಧಾಂತಕ್ಕೆ ಆಧಾರವಿಲ್ಲದಿಲ್ಲ. ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲ ಏಟು ಬೀಸಿ ಹೊಡೆದರೆ ಚೆಂಡು ಗೋಲಿನ ಗೆರೆ ದಾಟುವಾಗ 460 ಮಿಲಿಮೀಟರ್ ಎತ್ತರ ಮೀರುವಂತಿಲ್ಲ. ಡ್ರ್ಯಾಗ್ ಫ್ಲಿಕ್‌ನಂತೆ ಎಳೆದು ಚಿಮ್ಮಿಸಿದರೆ ಎಷ್ಟು ಎತ್ತರಕ್ಕಾದರೂ ಹೋಗಲಿ. ದೊಡ್ಡಪ್ಪ ಇದನ್ನು ಮದುವೆಯೂಟದ ಎಲೆಯ ಮೇಲೆ ಕಡಂಬುಟ್ಟು ಉರುಳಿಸಿ ವಿವರಿಸುತ್ತಾರೆ. ಪಂದಿಕರಿಯ ಬಟ್ಟಲೇ ಗೋಲು. ಪಕ್ಕದಲ್ಲಿ ಕುಳಿತವರು ಬಿಳಿ ಅಂಗಿ ಹಾಕಿದ್ದರೆ ಅವರ ಹಣೆಬರಹ.

ಕೊಯ್ಲು ಮುಗಿದು ಖಾಲಿಯಾದ ಕಾಫಿ ಕಣವೇ ಇವರ ಅಕಾಡೆಮಿ. ಸಿಲ್ವರ್ ಓಕ್ ಮರಕ್ಕೆ ಜೀಪಿನ ಟೈರು ನೇತುಹಾಕಿದೆ. ಹನ್ನೆರಡು ವರ್ಷದ ಹುಡುಗ ಅದರೊಳಗೆ ಚೆಂಡು ತೂರಿಸಬೇಕು. "ಇನ್ನು ಹತ್ತು, ಕುಂಞಿ" ಎಂದು ಬೆಳಿಗ್ಗೆ ಹೇಳಿದ ಹತ್ತು ಮಧ್ಯಾಹ್ನವಾದರೂ ಮುಗಿಯುವುದಿಲ್ಲ. ಕೊಯ್ಲಿನವರು ತಂದ ಹಣ್ಣನ್ನು ನೂರು ಗ್ರಾಂ ಬಿಡದೆ ತೂಗಿ ಬರೆದಿಡುವ ಮನುಷ್ಯ, ಹುಡುಗ ಎಷ್ಟು ಸಲ ಸೊಂಟ ತಿರುಚಿದ ಎಂಬುದನ್ನು ಮಾತ್ರ ಎಣಿಸಿದವರಲ್ಲ. ಈ ಹೊಡೆತದ ಭಾರವೆಲ್ಲ ಬೀಳುವುದು ಕೆಳಬೆನ್ನು, ಸೊಂಟದ ಮೇಲೆ. ಬೆಳೆಯುವ ಎಲುಬಿಗೆ ಅದು ಸಣ್ಣ ಶಿಕ್ಷೆಯಲ್ಲ.

ಅಮೆರಿಕದಿಂದ ಬಂದ ನೆಂಟರ ಸೊಸೆ ಒಮ್ಮೆ ಮೆಲ್ಲಗೆ ಹೇಳಿ ನೋಡಿದಳು. ಅಲ್ಲಿಯ ಲಿಟಲ್ ಲೀಗ್ ಬೇಸ್‌ಬಾಲ್‌ನಲ್ಲಿ 11-12 ವರ್ಷದ ಎಸೆಗಾರನಿಗೆ ದಿನಕ್ಕೆ 85 ಎಸೆತವೇ ಮಿತಿ, ಅಷ್ಟಾದರೆ ಅವನನ್ನು ಬದಲಿಸಲೇಬೇಕು ಎಂದು.

"ಎಂಬತ್ತೈದಾ? ನಾವು ಕಾಫಿ ಕುಡಿಯುವ ಮೊದಲೇ ಮುಗಿಸ್ತೇವೆ."

"ದೊಡ್ಡಪ್ಪಾ, ಬೆನ್ನು ನೋಯ್ತದೆ" ಎಂದು ಹುಡುಗ ಅಲ್ಲೇ ಸೇರಿಸಿದ.

"ನಮ್ಮ ಕಾಲದಲ್ಲಿ ಬೆನ್ನು ಅಂತ ಒಂದಿದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ!"

ಮಾತು ಮುಗಿಸಲು ಅವರ ಬಳಿ ವಿ.ಆರ್. ರಘುನಾಥ್ ಇದ್ದಾರೆ. ಲಂಡನ್, ರಿಯೊ ಎರಡೂ ಒಲಿಂಪಿಕ್ಸ್ ಆಡಿದ ಡ್ರ್ಯಾಗ್ ಫ್ಲಿಕ್ಕರ್. ಎದುರು ಮಾತಾಡುವವರು ಯಾರು? ಇದೇ ಕೊಡಗು ಎ.ಬಿ. ಸುಬ್ಬಯ್ಯನಂಥ ಗೋಲ್‌ಕೀಪರನನ್ನೂ ಕೊಟ್ಟಿದೆ. ಆದರೆ ತಮ್ಮ ಹುಡುಗ ಗೋಲು ಕಾಯಲಿ ಎಂದು ಹಂಬಲಿಸುವ ದೊಡ್ಡಪ್ಪ ನನಗಂತೂ ಸಿಕ್ಕಿಲ್ಲ.

ಪಂದ್ಯದ ದಿನ ಹುಡುಗನ ಫ್ಲಿಕ್ ಗೋಲಿನ ಮೇಲಿಂದ ಹಾರಿ ಚಹಾದಂಗಡಿಯ ಬೋಂಡಾ ತಟ್ಟೆಗೆ ಬಿತ್ತು. ಅದಕ್ಕೆ ಕಾರಣಗಳು: ಚೆಂಡು ನಿಲ್ಲಿಸಿದವನು ಸರಿಯಿಲ್ಲ, ಮೈದಾನ ಸರಿಯಿಲ್ಲ, ಅಂಪೈರ್ ಎದುರಾಳಿ ಒಕ್ಕದ ಅಳಿಯ.

ಇಷ್ಟೆಲ್ಲದರ ನಡುವೆ ಹುಡುಗನ ತಂಗಿ ಇದ್ದಾಳೆ. ಗೋಲಿನ ಪಕ್ಕದ ಹಿಂಗೆರೆಯಿಂದ ಚೆಂಡು ತಳ್ಳಿಕೊಡುವ ಕೆಲಸ ಯಾರಿಗೂ ಬೇಡವಾಗಿ ಅವಳ ಪಾಲಿಗೆ ಬಂದಿದೆ. ಅವಳು ತಳ್ಳಿದ ಚೆಂಡು ಒಂದು ಸಲವೂ ಗೆರೆ ತಪ್ಪುವುದಿಲ್ಲ. ಸಾಕೆನಿಸಿದಾಗ ಸ್ಟಿಕ್ ಕೆಳಗಿಟ್ಟು ಪೇರಳೆ ಮರ ಹತ್ತುತ್ತಾಳೆ. ಆ ಒಕ್ಕದಲ್ಲಿ ಹಾಕಿಯನ್ನು ನೆಟ್ಟಗೆ ಕಲಿಯುತ್ತಿರುವವಳು ಅವಳೊಬ್ಬಳೇ. ಅವಳ ಮೇಲೆ ಇನ್ನೂ ದೊಡ್ಡಪ್ಪನ ಕಣ್ಣು ಬಿದ್ದಿಲ್ಲ. ನೀವೂ ದಯವಿಟ್ಟು ಹೇಳಬೇಡಿ.