ಇಲ್ವಲನ ಲೈಸೆನ್ಸ್

ಬಾದಾಮಿಯ ಮೊದಲ ಕಸಾಯಿಖಾನೆ ಪುರಾಣದ ರಾಕ್ಷಸ ಇಲ್ವಲನದು. ತಮ್ಮ ವಾತಾಪಿಯನ್ನು ಟಗರು ಮಾಡಿ, ಕೊಯ್ದು, ಬೇಯಿಸಿ, ಅತಿಥಿಗೆ ಬಡಿಸಿ, ಊಟವಾದ ಮೇಲೆ 'ಹೊರಗೆ ಬಾ' ಎಂದು ಕೂಗುತ್ತಿದ್ದ. ತಮ್ಮ ಅತಿಥಿಯ ಹೊಟ್ಟೆ ಸೀಳಿಕೊಂಡು ಬರುತ್ತಿದ್ದ. ಕ್ರೌರ್ಯದ ಮಾತು ಆಮೇಲೆ. ತ್ಯಾಜ್ಯ ವಿಲೇವಾರಿಯ ಲೆಕ್ಕದಲ್ಲಿ ಅಂಥ ಕಸಾಯಿಖಾನೆ ಮತ್ತೆ ಹುಟ್ಟಿಲ್ಲ. ರಕ್ತ, ಕರುಳು, ಕೊಂಬು, ತೊಗಲು ಎಲ್ಲ ಒಂದಾಗಿ ಎದ್ದು ಮನೆಗೆ ನಡೆಯುತ್ತಿದ್ದವು. ಗಟಾರಕ್ಕೆ ಒಂದು ಹನಿಯೂ ಇಲ್ಲ.

ಅವನೀಗ ಲೈಸೆನ್ಸ್ ಕೇಳಿಕೊಂಡು ಕಚೇರಿಗೆ ಬಂದನೆನ್ನಿ.

"ದಿನಕ್ಕ ಎಷ್ಟು ಕೊಯ್ತೀರಿ?"

"ಒಂದ ರೀ. ಅದೂ ನಮ್ಮ ತಮ್ಮನ್ನ."

"ಹತ್ತಕ್ಕಿಂತ ಕಡಿಮಿ ಅಂದ್ರ ಅದು ಕಸಾಯಿಖಾನೀನ ಅಲ್ಲ. ನಡೀರಿ."

ಗುಮಾಸ್ತ ತಪ್ಪು ಹೇಳಲಿಲ್ಲ. ಕೇಂದ್ರದ 2001ರ ಕಸಾಯಿಖಾನೆ ನಿಯಮಗಳ ವ್ಯಾಖ್ಯೆಯಲ್ಲಿ ದಿನಕ್ಕೆ 10 ಅಥವಾ ಹೆಚ್ಚು ಪ್ರಾಣಿ ಕೊಯ್ದರೆ ಮಾತ್ರ ಅದು ಕಸಾಯಿಖಾನೆ. ಊರೊಳಗೆ ಪರವಾನಗಿಯ ಕಸಾಯಿಖಾನೆ ಬಿಟ್ಟು ಬೇರೆಲ್ಲೂ ಕೊಯ್ಯಬಾರದೆಂದು ಹೇಳುವುದೂ ಅದೇ ನಿಯಮ. ಈ ಎರಡು ಸಾಲುಗಳ ನಡುವಿನ ಸಂದಿಯಲ್ಲೇ ಇಳಕಲ್ಲಿನಿಂದ ಬಾದಾಮಿಯವರೆಗೆ ಭಾನುವಾರದ ಮಟನ್ ತೂಗುತ್ತದೆ. ಪಶುವೈದ್ಯರು ತಾಸಿಗೆ 12, ದಿನಕ್ಕೆ 96 ಪ್ರಾಣಿಗಿಂತ ಹೆಚ್ಚು ತಪಾಸಣೆ ಮಾಡಬಾರದು ಎಂದೂ ಅಲ್ಲಿ ಬರೆದಿದೆ. ಅತಿಯಾದ ದುಡಿಮೆಯಿಂದ ವೈದ್ಯರನ್ನು ಕಾಪಾಡುವ ಈ ಕಳಕಳಿಗೆ ಕಣ್ಣು ತುಂಬಿ ಬರುತ್ತದೆ.

ಅಂಗಡಿಯವನನ್ನು ಬೈಯುವುದು ಸುಲಭ. ಬುಟ್ಟಿ ತುಂಬ ಕರುಳು ಹೊತ್ತು ಅವನಾದರೂ ಎಲ್ಲಿಗೆ ಹೋಗಬೇಕು? ಆಲಮಟ್ಟಿ ಹಿನ್ನೀರು ಬಂದಾಗ ಹಳೇ ಬಾಗಲಕೋಟೆಯ ಓಣಿ ಓಣಿಗಳನ್ನೇ ಎಬ್ಬಿಸಿ ನವನಗರದಲ್ಲಿ ಕೂರಿಸಿದ ಸರ್ಕಾರ ನಮ್ಮದು. ಆ ಬುಟ್ಟಿಗೆ ಮಾತ್ರ ಅದರ ಬಳಿ ಪುನರ್ವಸತಿ ಯೋಜನೆ ಇಲ್ಲ. ಹೀಗಾಗಿ ಕತ್ತಲಾದ ಮೇಲೆ ಹಳ್ಳವೇ ಗತಿ. ರಕ್ತಕ್ಕೆ ಕತ್ತಲೂ ಬೇಕಿಲ್ಲ. ಒಂದು ಕೊಡ ನೀರು ಸಾಕು. ಊರ ಕೊಳಚೆಯನ್ನು ಕೊಳೆಸಲು ಲೀಟರಿಗೆ ಇನ್ನೂರು, ಮುನ್ನೂರು ಮಿಲಿಗ್ರಾಂ ಆಮ್ಲಜನಕ ಬೇಕಾದರೆ, ರಕ್ತಕ್ಕೆ ಸುಮಾರು 1.5 ಲಕ್ಷ ಮಿಲಿಗ್ರಾಂ ಬೇಕು. ಅದನ್ನು ಮೀನಿನ ಪಾಲಿನಿಂದ ಕಿತ್ತುಕೊಳ್ಳುತ್ತದೆ. ಗಟಾರದಿಂದ ಹಳ್ಳ, ಹಳ್ಳದಿಂದ ಮಲಪ್ರಭೆ, ಕೂಡಲಸಂಗಮದಲ್ಲಿ ಕೃಷ್ಣೆ: ಈ ಕಡತ ಮುಂದೆ ಹೋಗಲು ಯಾರ ಸಹಿಯೂ ಬೇಡ.

ಹಾಗೆಂದು ಸರ್ಕಾರ ಸುಮ್ಮನಿದೆ ಎನ್ನಬೇಡಿ. ಗಾಂಧಿ ಜಯಂತಿಗೆ ಮಾಂಸ ಮಾರಬಾರದೆಂಬ ಆದೇಶ ತಪ್ಪದೆ ಬರುತ್ತದೆ. 2020ರಲ್ಲಿ ವಿಧಾನಸಭೆ ಗೋಹತ್ಯೆ ನಿಷೇಧ ಮಸೂದೆಗೆ ಒಪ್ಪಿಗೆ ಕೊಟ್ಟು, ಕೊಯ್ಯಲು ಎಮ್ಮೆಗೆ 13 ವರ್ಷ ತುಂಬಬೇಕೆಂದು ವಯಸ್ಸನ್ನೂ ಗೊತ್ತುಮಾಡಿತು. ಉಸಿರಾಡುವ ಆಕಳಿಗೆ ಎಲ್ಲ ಪಕ್ಷಗಳೂ ಇವೆ. ಸತ್ತ ಕುರಿಯ ಕರುಳಿಗೆ ಒಬ್ಬ ಪಕ್ಷೇತರನೂ ಇಲ್ಲ.

ವಾತಾಪಿಯನ್ನು ಅರಗಿಸಿಕೊಂಡ ಅಗಸ್ತ್ಯರ ಕೆಲಸವನ್ನು ಮೊದಲು ರಣಹದ್ದುಗಳು ನೋಡಿಕೊಳ್ಳುತ್ತಿದ್ದವು, ಸಂಬಳವಿಲ್ಲದೆ. ದನಕ್ಕೆ ನೋವಿಗೆಂದು ಕೊಟ್ಟ ಡೈಕ್ಲೊಫೆನಾಕ್, ಹೆಣ ತಿಂದ ಹದ್ದಿನ ಮೂತ್ರಪಿಂಡ ಕೆಡಿಸಿ ಸಂತತಿಯನ್ನೇ ಬಹುಪಾಲು ಅಳಿಸಿತು. 2006ರಲ್ಲಿ ದನಗಳಿಗೆ ಆ ಔಷಧ ಕೊಡುವುದು ನಿಷೇಧವಾಯಿತು. ಅಷ್ಟರಲ್ಲಿ ಆಕಾಶ ಖಾಲಿ. ಹದ್ದುಗಳಿಲ್ಲದೆ 2000ರಿಂದ 2005ರವರೆಗೆ ದೇಶದಲ್ಲಿ ಸುಮಾರು 5 ಲಕ್ಷ ಜನ ಹೆಚ್ಚಾಗಿ ಸತ್ತರೆಂದು ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಅಂದಾಜು ಕಟ್ಟಿದ್ದಾರೆ.

ಖಾಲಿ ಹುದ್ದೆಗೆ ನಾಯಿ ಬಂತು. ಕುರಿಯ ಪಿತ್ತಜನಕಾಂಗದಲ್ಲಿ ನೀರುಗುಳ್ಳೆಯಾಗಿ ಕೂತ ಎಕಿನೊಕಾಕಸ್ ಎಂಬ ಲಾಡಿಹುಳು, ಎಸೆದ ಹಸಿ ತುಣುಕಿನೊಂದಿಗೆ ನಾಯಿಯ ಹೊಟ್ಟೆ ಸೇರುತ್ತದೆ. ನಾಯಿ ಹೊಲದಲ್ಲಿ ಕೂತೆದ್ದರೆ ಹುಳದ ಮೊಟ್ಟೆ ಮಣ್ಣಿಗೂ ಸೊಪ್ಪಿಗೂ ಹತ್ತುತ್ತದೆ. ರೊಟ್ಟಿಯ ಜೊತೆ ಹಸಿ ಹಕ್ಕರಕಿ ಮೆಲ್ಲುವ ಸೀಮೆ ನಮ್ಮದು. ಮನುಷ್ಯನೊಳಗೆ ಆ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಕೊನೆಗೆ ಬಲಪಕ್ಕೆ ಹಿಡಿದುಕೊಂಡು ಬಂದವನ ಸ್ಕ್ಯಾನ್ ನೋಡಿ ವೈದ್ಯರು ಹುಬ್ಬು ಗಂಟಿಕ್ಕುತ್ತಾರೆ.

"ನಮ್ಮ ಮನ್ಯಾಗ ತತ್ತೀನೂ ತಿನ್ನಂಗಿಲ್ರೀ, ಡಾಕ್ಟ್ರ."

"ಹಕ್ಕರಕಿ ತೊಳದ ತಿಂತೀರೇನ್ರಿ?"